ಕೇಸ್ ಶೀಟಿನ ಎರಡನೇ ಸಾಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಎರಡು ಕಿಟಕಿಗಳು. ಒಂದರ ಮೇಲೆ ‘ನಗದು’ ಎಂದು ಬರೆದಿತ್ತು, ಇನ್ನೊಂದರ ಮೇಲೆ ‘ವಿಮೆ’. ನಗದಿನ ಮುಂದೆ ನಿಂತಿದ್ದವರು ಇಬ್ಬರೇ. ವಿಮೆಯ ಮುಂದೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಕ್ಲಚ್ಚಮ್ಮ ಬೆಳಗ್ಗೆ ಏಳಕ್ಕೇ ಬಂದು ವಿಮೆಯ ಮುಂದಿನ ಮೊದಲ ಕುರ್ಚಿ ಹಿಡಿದಿದ್ದಳು. ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಮೂರು ವರ್ಷದ ರಸೀದಿಗಳು. ಒಂದು ಕಂತೂ ತಪ್ಪಿಸಿದವಳಲ್ಲ.

ಅವಳಿಗೆ ಆ ಹೆಸರಿಟ್ಟವರು ಅವಳ ಶಿಷ್ಯರೇ. ಇಪ್ಪತ್ತೆರಡು ವರ್ಷದಿಂದ ಊರವರಿಗೆ ಕಾರು ಓಡಿಸಲು ಕಲಿಸುತ್ತಿದ್ದಳು. ಮೊದಲ ಹದಿನೇಳು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ, ಈಚಿನ ಐದು ವರ್ಷ ಸ್ವಂತದ್ದರಲ್ಲಿ. ಸ್ವಂತದ್ದು ಎಂದರೆ ಒಂದು ಬಿಳಿ ಕಾರು, ಅದಕ್ಕೆ ಎರಡು ಜೊತೆ ಪೆಡಲು, ಮೇಲೊಂದು ಕೆಂಪು ಎಲ್ ಬೋರ್ಡು. ಆ ಮೊದಲ ಸ್ಕೂಲಿನ ಮಾಲೀಕ ಕಿಡ್ನಿ ಕೆಟ್ಟು, ಚಿಕಿತ್ಸೆಗೆಂದು ಒಂದೊಂದೇ ಕಾರು ಮಾರುತ್ತಾ ಹೋಗಿ, ಕೊನೆಗೆ ಬೋರ್ಡನ್ನೂ ಇಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಭಯಕ್ಕೇ ಮನೆಯ ಮೂವರಿಗೂ ವಿಮೆ ಮಾಡಿಸಿದ್ದಳು: ತನಗೆ, ಗಂಡನಿಗೆ, ಕಾಲೇಜಿಗೆ ಹೋಗುವ ಮಗಳಿಗೆ.

ಗಂಡನಿಗೆ ಇದು ಒಂದು ತಮಾಷೆ. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಕೊರೆದು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವ ಕೆಲಸದವನು. ಮಾತು ಕಡಿಮೆ. ಕಂತು ಕಟ್ಟುವ ದಿನ ಮಾತ್ರ ಬಾಯಿ ಬಿಡುತ್ತಿದ್ದ. ಬಾರದ ಮಳೆಗೆ ಕೊಡೆ ಬಾಡಿಗೆ ಕಟ್ಟುವವಳು ಲೋಕದಲ್ಲಿ ನೀನೊಬ್ಬಳೇ ಎನ್ನುತ್ತಿದ್ದ.

ಈಗ ಮಳೆ ಬಂದಿತ್ತು. ಐದು ದಿನದಿಂದ ಅವನಿಗೆ ಹೊಟ್ಟೆಯ ಬಲಭಾಗದಲ್ಲಿ ನೋವು, ಜ್ವರ. ಬೆಳಗಾಗುವ ಹೊತ್ತಿಗೆ ಕಣ್ಣು ಹಳದಿಯಾಗಿ, ಮೈ ನಡುಗತೊಡಗಿತು. ಅವಳೂ ಮೈದುನನೂ ಅವನನ್ನು ಎತ್ತಿಕೊಂಡೇ ಕಾರಿಗೆ ಹಾಕಿ ತಂದರು. ಅವಳು ಕಾರು ನಿಲ್ಲಿಸಲು ಜಾಗ ಹುಡುಕಿ ಬರುವಷ್ಟರಲ್ಲಿ ರಾತ್ರಿ ಪಾಳಿಯ ಡಾಕ್ಟರು ಅವನನ್ನು ವಿಚಾರಿಸಿ, ಕೇಸ್ ಶೀಟು ಬರೆದು, ಪಾಳಿ ಮುಗಿಸಿ ಹೊರಟೂ ಆಗಿತ್ತು.

ಶಸ್ತ್ರಚಿಕಿತ್ಸೆಯ ಡಾಕ್ಟರು ಒಂಬತ್ತಕ್ಕೆ ಬಂದರು. ಪಿತ್ತಕೋಶದ ತುಂಬ ಕಲ್ಲು, ಕೀವು ಕಟ್ಟಿದೆ, ಒಳಗೇ ಒಡೆದರೆ ಕೈಮೀರುತ್ತದೆ ಎಂದರು. ಮೂರು ಗಂಟೆಗೆ ಥಿಯೇಟರ್ ಇಟ್ಟುಕೊಂಡಿದ್ದೇನೆ, ಎರಡರೊಳಗೆ ಕೆಳಗಿನಿಂದ ಒಪ್ಪಿಗೆ ಬರಬೇಕು ಎಂದರು.

ಕೆಳಗಿನಿಂದ ಎಂದರೆ ಈ ಎರಡು ಕಿಟಕಿಗಳಿಂದ.

ಹತ್ತು ಗಂಟೆಗೆ ವಿಮೆಯ ಕಿಟಕಿಯ ಹೆಂಗಸು ಅವಳನ್ನು ಕರೆದಳು. ಮಧ್ಯವಯಸ್ಸಿನವಳು, ಗಂಟಲು ಕಟ್ಟಿದಂಥ ದನಿ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. ವಿಮಾ ಕಂಪನಿಯಿಂದ ಹಣದ ಬದಲು ಪ್ರಶ್ನೆ ಬಂದಿತ್ತು. ರೋಗಿಗೆ ಐದು ವರ್ಷದಿಂದ ಈ ತೊಂದರೆ ಇದೆಯೆಂದು ಆಸ್ಪತ್ರೆಯ ದಾಖಲೆಯ ಎರಡನೇ ಸಾಲಿನಲ್ಲಿದೆ, ಮೂರು ವರ್ಷದ ಹಿಂದೆ ವಿಮೆ ಮಾಡಿಸುವಾಗ ಅದನ್ನು ಯಾಕೆ ತಿಳಿಸಲಿಲ್ಲ ಎಂದು.

ಕ್ಲಚ್ಚಮ್ಮ ಮತ್ತೆ ಮತ್ತೆ ಓದಿದಳು. ಐದು ದಿನ, ಐದು ವರ್ಷ ಅಲ್ಲ ಎಂದಳು. ಪಕ್ಕದಲ್ಲಿದ್ದ ಮೈದುನ ತಟ್ಟನೆ ಬಾಯಿ ಹಾಕಿದ. ನಿದ್ದೆಗಣ್ಣಲ್ಲಿ ಡಾಕ್ಟರು ದಿನ ಅಂತ ಬರೆಯುವ ಕಡೆ ವರ್ಷ ಅಂತ ಗೀಚಿದ್ದಾರೆ, ಅವರಿಂದಲೇ ತಿದ್ದಿಸಿ ತಂದರೆ ಆಯಿತಲ್ಲ ಎಂದ. ಕಿಟಕಿಯ ಹೆಂಗಸು ಒಪ್ಪಿದಳು. ಬರೆದವರೇ ತಿದ್ದಿ, ಕೆಳಗೆ ಸಹಿ ಹಾಕಬೇಕು. ಆದರೆ ಅವರು ಫೋನ್ ಎತ್ತುತ್ತಿಲ್ಲ. ಬೆಳಗಿನ ಹೊತ್ತು ಊರಿನ ಆ ತುದಿಯ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತಾರೆ, ಒಂದು ಗಂಟೆಯವರೆಗೆ.

ಆಮೇಲೆ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ವಿಮೆ ಬೇಡವೆಂದು ಬರೆದುಕೊಟ್ಟು ನಗದು ಕಟ್ಟಿದರೆ ಈಗಲೇ ಒಪ್ಪಿಗೆ ಸಿಗುತ್ತದೆ. ಮೊತ್ತವೂ ಕಡಿಮೆ. ವಿಮೆಗೆ ಕಳಿಸಿದ ಅಂದಾಜು ಮೂರು ಲಕ್ಷ, ನಗದಾದರೆ ಎರಡು ಲಕ್ಷ ಹತ್ತು ಸಾವಿರ. ಆದರೆ ಮುಂದೆ ಯಾವತ್ತೂ ಈ ಹಣವನ್ನು ವಿಮೆಯಿಂದ ಕೇಳುವುದಿಲ್ಲ ಎಂದು ಸಹಿ ಮಾಡಬೇಕು.

“ಕತ್ತರಿ ಅದೇ ಅಲ್ವಾ?” ಎಂದು ಕ್ಲಚ್ಚಮ್ಮ ಕೇಳಿದಳು.

“ಕತ್ತರಿ ಅದೇ ಕಣಮ್ಮ. ಕಾಯೋದು ಬೇರೆ. ವಿಮೆಯವರು ನಮಗೆ ದುಡ್ಡು ಕೊಡೋದು ಮೂರು ತಿಂಗಳಿಗೆ.”

ಅವಳ ಹತ್ತಿರ ಹಣ ಇಲ್ಲದಿರಲಿಲ್ಲ. ಬ್ಯಾಂಕಿನಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಇತ್ತು. ಎರಡನೇ ಕಾರಿಗೆಂದು ಕೂಡಿಟ್ಟದ್ದು. ಮುಂಗಡ ಬೇರೆ ಕೊಟ್ಟಾಗಿತ್ತು, ಮುಂದಿನ ವಾರ ಕಾರು ಕೈಗೆ ಬರಬೇಕಿತ್ತು, ಅದನ್ನು ಓಡಿಸಲು ಇನ್ನೊಬ್ಬ ಹೆಂಗಸನ್ನು ಕೆಲಸಕ್ಕೂ ಹೇಳಿಟ್ಟಿದ್ದಳು. ಆದರೆ ಅವಳನ್ನು ತಡೆದದ್ದು ಬರೀ ಹಣವಲ್ಲ. ಮೂರು ವರ್ಷ ಚಾಚೂ ತಪ್ಪದೆ ಕಟ್ಟಿದವಳನ್ನು ಯಾರೋ ಸುಳ್ಳಿ ಎಂದಿದ್ದರು. ಪರೀಕ್ಷೆಯ ದಿನ ಲೈಸೆನ್ಸ್ ಕಚೇರಿಯವನ ಕೈ ಬೆಚ್ಚಗೆ ಮಾಡದೆ, ಶಿಷ್ಯರು ಎರಡೆರಡು ಸಲ ಫೇಲಾದರೂ ಸರಿ ಎಂದು ಹಟ ಹಿಡಿದವಳು ಅವಳು. ಆ ಮಾತನ್ನು ಹೇಗೆ ನುಂಗಿಕೊಳ್ಳುತ್ತಾಳೆ?

ಹೊರಡುವ ಮುಂಚೆ ಗಂಡನನ್ನು ನೋಡಲು ಮೇಲೆ ಹೋದಳು. ಎರಡು ನಿಮಿಷ ಮಾತ್ರ ಎಂದು ನರ್ಸು ಬಿಟ್ಟಳು. ಅವನ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀವು ಡಾಕ್ಟರಿಗೆ ಹೇಳಿದ್ದು ಐದು ದಿನ ಅಂತ ತಾನೇ ಎಂದು ಅವಳು ಬಗ್ಗಿ ಕೇಳಿದಳು. ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನೋವು ಹೆಚ್ಚಾಯಿತೇನೋ ಎಂದುಕೊಂಡು ಅವಳು ಹೊದಿಕೆ ಸರಿಮಾಡಿ ಹೊರಬಂದಳು.

ಮೈದುನ ಅಣ್ಣನ ಹತ್ತಿರ ಉಳಿದ. ಅವಳು ಕೇಸ್ ಶೀಟಿನ ಪ್ರತಿಯನ್ನು ಫೈಲಿಗೆ ಸೇರಿಸಿಕೊಂಡು ಹತ್ತೂ ನಲವತ್ತಕ್ಕೆ ಕಾರು ತೆಗೆದಳು.

ಎಲ್ ಬೋರ್ಡಿನ ಕಾರಿಗೆ ರಸ್ತೆಯಲ್ಲಿ ಯಾರೂ ಮರ್ಯಾದೆ ಕೊಡುವುದಿಲ್ಲ. ಹಿಂದಿನವರು ಹಾರ್ನ್ ಒತ್ತಿ ಒತ್ತಿ ಮುಂದೆ ಹೋಗುತ್ತಾರೆ, ಪಕ್ಕದವರು ಮೂತಿ ತೂರಿಸುತ್ತಾರೆ. ಬೋರ್ಡು ಬಿಚ್ಚಿಡಲು ಅವಳಿಗೆ ಪುರುಸೊತ್ತು ಇರಲಿಲ್ಲ. ದೊಡ್ಡ ಮೇಲ್ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ವಾಹನಗಳು ಇರುವೆಯಂತೆ ಹರಿಯುತ್ತಿದ್ದವು. ಇಂಥ ಕಡೆ ಶಿಷ್ಯರು ಕ್ಲಚ್ಚಿನ ಮೇಲಿಂದ ಕಾಲು ತೆಗೆಯದೆ ಬೆವರುತ್ತಿದ್ದರೆ ಅವಳು ಆರಾಮಾಗಿ ಕಿಟಕಿಯಾಚೆ ನೋಡುತ್ತಾ ಕೂರುವವಳು. ಇವತ್ತು ಅವಳೇ ಕ್ಲಚ್ಚಿನ ಮೇಲಿಂದ ಕಾಲು ತೆಗೆಯಲಿಲ್ಲ. ಸೇತುವೆ ದಾಟಲು ಮೂವತ್ತೈದು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಡಾಕ್ಟರಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಹೊಸೆದಳು. ಮೊದಲು ಬೈಯಬಾರದು, ಸಹಿ ಆದ ಮೇಲೆ ಬೈಯಬಹುದು.

ಕ್ಲಿನಿಕ್ಕು ಔಷಧದ ಅಂಗಡಿಯ ಮೇಲಿನ ಒಂದು ಕೋಣೆ. ಹೊರಗೆ ಬೆಂಚಿನ ಮೇಲೆ ಆರು ಜನ ಕಾಯುತ್ತಿದ್ದರು. ಅವಳು ಅವರನ್ನೆಲ್ಲ ಕೈಮುಗಿದು ಕೇಳಿಕೊಂಡು ಒಳಗೆ ನುಗ್ಗಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಡಾಕ್ಟರು ಅವಳ ಮಗಳಿಗಿಂತ ಏಳೆಂಟು ವರ್ಷ ದೊಡ್ಡವನಿದ್ದಾನು. ಕಣ್ಣ ಕೆಳಗೆ ಕಪ್ಪು, ಅಂಗಿಯ ಜೇಬಿನಲ್ಲಿ ರಾತ್ರಿಯದೇ ಹೆಸರಿನ ಬಿಲ್ಲೆ. ಅವಳು ಕಾಗದ ಮುಂದಿಟ್ಟು ವಿಷಯ ಹೇಳಿದಳು. ಅವನು ಎರಡನೇ ಸಾಲನ್ನು ಓದಿ, ಕಾಯುತ್ತಿದ್ದ ರೋಗಿಯನ್ನು ಹೊರಗೆ ಕೂರಲು ಹೇಳಿ, ಬಾಗಿಲು ಮುಂದೆ ಮಾಡಿದ.

“ಅಮ್ಮ, ಇದು ತಪ್ಪಾಗಿ ಬರೆದದ್ದಲ್ಲ. ಅವರು ಹೇಳಿದ್ದನ್ನೇ ಬರೆದಿದ್ದೀನಿ.”

ಅವನೇ ಮುಂದುವರಿಸಿ ಹೇಳಿದ. ಐದು ವರ್ಷದ ಹಿಂದೆ ಅವರು ಸ್ಕ್ಯಾನ್ ಮಾಡಿಸಿದ್ದರಂತೆ. ಕಲ್ಲು ಇದೆ, ತೆಗೆಸಿಬಿಡಿ ಎಂದು ಆಗಲೇ ಹೇಳಿದ್ದರಂತೆ. ಯಾವುದೋ ಸಣ್ಣ ಜಾಗದಲ್ಲಿ ಕೈಯಿಂದ ಕಾಸು ಕೊಟ್ಟು ಮಾಡಿಸಿದ್ದರಂತೆ, ಮನೆಯಲ್ಲಿ ಗೊತ್ತಾಗುವಂಥ ಒಂದು ಕಾಗದವೂ ಇರಬಾರದು ಅಂತ. ಎಣ್ಣೆ ಪದಾರ್ಥ ಬಿಟ್ಟು, ನೋವು ಬಂದಾಗ ಮಾತ್ರೆ ನುಂಗಿ ಕಾಲ ಹಾಕಿದ್ದಾರೆ. ಇದಕ್ಕೆ ಮುಂಚೆ ನಾಲ್ಕು ಸಲ ಜೋರಾಗಿ ಬಂದಿತ್ತಂತೆ.

ಕ್ಲಚ್ಚಮ್ಮನಿಗೆ ಒಂದೊಂದೇ ನೆನಪಾಯಿತು. ಕರಿದದ್ದು ಮುಟ್ಟುವುದಿಲ್ಲ ಎಂದು ಗಂಡ ಹಟ ಹಿಡಿದಾಗ, ಐವತ್ತಾಗುತ್ತಾ ಬುದ್ಧಿ ಬಂತು ಎಂದು ಅವಳು ಎಲ್ಲರೆದುರು ಮೆಚ್ಚಿಕೊಂಡಿದ್ದಳು. ಆಗೀಗ ಅವನು ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂತೇ ಮಲಗುತ್ತಿದ್ದಾಗ, ಸೆಕೆ ಅಂದಿದ್ದ. ನಂಬಿದ್ದಳು. ಐದು ವರ್ಷದ ಹಿಂದೆ ಎಂದರೆ ಬಿಳಿ ಕಾರು ಕೊಂಡ ವರ್ಷ. ಮನೆಯಲ್ಲಿದ್ದ ಅಷ್ಟೂ ಹಣವನ್ನು ಗುಡಿಸಿ, ಅವನು ಓವರ್‌ಟೈಮ್ ಮಾಡಿ ತಂದದ್ದನ್ನೂ ಸೇರಿಸಿ ಮುಂಗಡ ಕಟ್ಟಿದ ವರ್ಷ. ಎರಡು ವರ್ಷ ಕಳೆದು ವಿಮೆಯ ಫಾರಂ ತುಂಬುವಾಗ ಅವಳು, ನಿಮಗೆ ಹಳೇ ಕಾಯಿಲೆ ಏನಾದರೂ ಇದೆಯಾ ಎಂದು ಕೇಳಿದ್ದಳು. ಅವನು ಗಾಜಿನ ಅಂಚು ನೋಡುತ್ತಲೇ, ನನಗೇನು, ಗುಂಡುಕಲ್ಲು ಎಂದಿದ್ದ.

ಅವಳ ಫೋನು ಗುಂಯ್ಗುಟ್ಟಿತು. ಮೈದುನ. ಅಣ್ಣನಿಗೆ ಜ್ವರ ಇನ್ನೂ ಏರಿದೆ, ಡಾಕ್ಟರು ಎರಡು ಸಲ ಬಂದು ನೋಡಿ ಹೋದರು, ಸಹಿ ಆಯಿತೇ ಎಂದು ಕೇಳಿದ. ಅವಳು ಫೋನ್ ಇಟ್ಟಳು.

ಮೇಜಿನ ಮೇಲೆ ಡಾಕ್ಟರ ಪೆನ್ನು ಇತ್ತು. ‘ವರ್ಷ’ ಎಂಬ ಎರಡಕ್ಷರದ ಮೇಲೆ ಒಂದು ಗೀಟು, ಪಕ್ಕದಲ್ಲಿ ‘ದಿನ’. ಅಷ್ಟೇ.

“ಡಾಕ್ಟ್ರೇ, ಬರೆದುಕೊಟ್ಟುಬಿಡಿ,” ಎಂದಳು. ತನ್ನ ಬಾಯಿಂದ ಆ ಮಾತು ಬಂದದ್ದು ಅವಳಿಗೇ ಕೇಳಿಸಿತು. “ಮೂರು ವರ್ಷ ಕಟ್ಟಿದ್ದೀನಿ. ನನಗೆ ಗೊತ್ತಿರಲಿಲ್ಲ. ನನ್ನ ತಪ್ಪೇನಿದೆ ಇದರಲ್ಲಿ?”

ಅವನು ಕಣ್ಣುಜ್ಜಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ.

“ನಿಮ್ಮ ತಪ್ಪಿಲ್ಲ. ಆದರೆ ಈ ಕಾಗದ ಓದೋರು ವಿಮೆಯವರೊಬ್ಬರೇ ಅಲ್ಲ. ಮೂರು ಗಂಟೆಗೆ ಹೊಟ್ಟೆ ಕೊಯ್ಯೋರೂ ಇದನ್ನೇ ಓದ್ತಾರೆ. ಐದು ವರ್ಷ, ನಾಲ್ಕು ಸಲ ಅಂತ ಇದ್ರೆ ಒಳಗೆಲ್ಲ ಅಂಟಿಕೊಂಡಿರುತ್ತೆ, ಹುಷಾರಾಗಿರಬೇಕು ಅಂತ ಅವರಿಗೆ ಗೊತ್ತಾಗುತ್ತೆ. ಐದು ದಿನ ಅಂತ ಇದ್ರೆ ಸುಲಭದ ಕೇಸು ಅಂದ್ಕೊಂಡು ಕೈ ಹಾಕ್ತಾರೆ. ಈಗ ಹೇಳಿ, ಏನು ಬರೀಲಿ?”

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಐದು. ಹೊರಗೆ ಯಾರೋ ಕೆಮ್ಮಿದರು. ಕ್ಲಚ್ಚಮ್ಮ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಮಡಿಸಿದಳು.

“ಬೇಡ. ಹಾಗೇ ಇರ್ಲಿ.”

ಅವಳು ಮೆಟ್ಟಿಲಿಳಿದು ಕಾರಿನಲ್ಲಿ ಕೂತು ಅಳಬೇಕೆಂದುಕೊಂಡಳು. ಆದರೆ ಅಳುತ್ತಾ ಗಾಡಿ ಓಡಿಸಬಾರದೆಂದು ಶಿಷ್ಯರಿಗೆ ಹೇಳುವವಳು ಅವಳೇ. ಸೇತುವೆಯ ಕಡೆ ಹೋಗದೆ ಹಳೇ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಕಾರು ನುಗ್ಗಿಸಿದಳು. ಒಂದು ಕಡೆ ಕೈಗಾಡಿಗೂ ಗೋಡೆಗೂ ನಡುವೆ ಅಂಗೈಯಷ್ಟು ಜಾಗ ಬಿಟ್ಟು ದಾಟಿದಳು. ಕೈಗಾಡಿಯವನು ಎಲ್ ಬೋರ್ಡು ನೋಡಿ ಬಾಯಿ ತೆರೆದ.

ಆಸ್ಪತ್ರೆ ಮುಟ್ಟಿದಾಗ ಒಂದೂ ಹತ್ತು. ಮೈದುನ ಬಾಗಿಲಲ್ಲೇ ನಿಂತಿದ್ದ. ಸಹಿ ಎಲ್ಲಿ ಎಂದು ಫೈಲಿಗೆ ಕೈ ಹಾಕಿದ. ಅವಳು ಫೈಲು ಬಿಡಲಿಲ್ಲ. ಡಾಕ್ಟರು ತಪ್ಪು ಬರೆದಿಲ್ಲವಂತೆ, ಐದು ವರ್ಷದ ಹಿಂದೆ ಸ್ಕ್ಯಾನ್ ಆಗಿತ್ತಂತೆ ಎಂದು ಅವನ ಮುಖವನ್ನೇ ನೋಡುತ್ತಾ ಹೇಳಿದಳು. ಆ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು.

“ನಿಮಗೆ ಗೊತ್ತಿತ್ತು.”

ಅವನು ಚಪ್ಪಲಿಯ ತುದಿ ನೋಡಿದ. “ಸ್ಕ್ಯಾನಿಗೆ ನಾನೇ ಕರ್ಕೊಂಡು ಹೋಗಿದ್ದೆ ಅತ್ತಿಗೆ. ನಿಮಗೆ ಹೇಳಿದ್ರೆ ಕಾರು ಬಿಟ್ಟು ಆಪರೇಷನ್ ಮಾಡಿಸ್ತೀರ ಅಂತ ಅಣ್ಣ ಆಣೆ ಹಾಕಿಸ್ಕೊಂಡ.”

“ಗೊತ್ತಿದ್ದೂ ನನ್ನನ್ನ ಯಾಕೆ ಓಡಿಸಿದ್ರಿ?”

“ನಾನು ಹೋಗಿ ಕೇಳಿದ್ರೆ ಯಾರೂ ನಂಬಲ್ಲ. ನಿಮ್ಮ ಮುಖ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ.”

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗಂಡನ ತಮ್ಮನೆಂದು ಇಷ್ಟು ವರ್ಷ ಸ್ವಂತ ತಮ್ಮನ ಹಾಗೆ ಕಂಡವನಿಗೆ ಏನಾದರೂ ಅನ್ನಬೇಕೆಂದು ತುಟಿ ತೆರೆದಳು. ಆದರೆ ಹೊತ್ತಿರಲಿಲ್ಲ. ಅವನನ್ನು ಅಲ್ಲೇ ಬಿಟ್ಟು ನೆಲಮಾಳಿಗೆಗೆ ಇಳಿದಳು.

ವಿಮೆಯ ಕಿಟಕಿಯ ಹೆಂಗಸಿಗೆ ಸುತ್ತಿಬಳಸದೆ ಹೇಳಿದಳು: ಬರೆದದ್ದು ಸರಿಯಿದೆ, ತಿದ್ದುವುದೇನಿಲ್ಲ, ನಗದು ಕಟ್ಟುತ್ತೇನೆ. ಆ ಹೆಂಗಸು ಹೇಳಲೋ ಬೇಡವೋ ಎನ್ನುವಂತೆ ಪಾಲಿಸಿಯ ಹಿಂಬದಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಹಳೇ ಕಾಯಿಲೆಯನ್ನು ಮೊದಲೇ ತಿಳಿಸಿದ್ದರೆ, ಎರಡು ವರ್ಷ ಕಳೆದ ಮೇಲೆ ಅದಕ್ಕೂ ಹಣ ಕೊಡುತ್ತಾರೆ.

“ನಿಮ್ಮದು ಮೂರು ವರ್ಷ ಆಗಿದೆ,” ಎಂದಳು. “ಫಾರಂನಲ್ಲಿ ಒಂದು ಮಾತು ಬರೆದಿದ್ರೆ ಇವತ್ತು ಒಂದು ಕಾಸೂ ಕಟ್ಟೋ ಹಾಗಿರಲಿಲ್ಲ.”

ಕ್ಲಚ್ಚಮ್ಮ ಆ ಸಾಲನ್ನು ಓದಿದಳು. ಹಣ ಉಳಿಸಲು ಮುಚ್ಚಿಟ್ಟವನು, ಮುಚ್ಚಿಟ್ಟದ್ದಕ್ಕೇ ಹಣ ತೆರುವಂತಾಗಿತ್ತು.

ನಗದಿನ ಕಿಟಕಿಗೆ ಸರಿದು ಬ್ಯಾಂಕಿನಲ್ಲಿದ್ದ ಅಷ್ಟನ್ನೂ ಕಟ್ಟಿದಳು. ಮೂವತ್ತು ಸಾವಿರ ಕಡಿಮೆ ಬಿತ್ತು. ಕಿಟಕಿಯವನು ಪೂರ್ತಿ ಇಲ್ಲದೆ ಒಪ್ಪಿಗೆ ಕೊಡಲಾಗದು ಎಂದ. ಒಂದೂ ನಲವತ್ತೈದು. ಅವಳು ಕಿವಿಯ ಓಲೆಗೆ ಕೈ ಹಾಕಿದಳು. ಅದನ್ನು ಇಲ್ಲಿ ಯಾರು ತೆಗೆದುಕೊಳ್ಳುತ್ತಾರೆ ಎಂಬ ಯೋಚನೆ ಬರುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಕಾರ್ಡನ್ನು ಕಿಟಕಿಯೊಳಗೆ ಇಟ್ಟಿತು. ಮೈದುನ. ಅವಳ ಕಡೆ ನೋಡಲಿಲ್ಲ. ಅವಳೂ ಬೇಡವೆನ್ನಲಿಲ್ಲ. ವಿಮೆಯಿಂದ ಈ ಹಣ ಕೇಳುವುದಿಲ್ಲ ಎಂಬ ಹಾಳೆಗೆ ಅವಳು ಸಹಿ ಹಾಕಿದಳು. ಎರಡಕ್ಕೆ ಐದು ನಿಮಿಷವಿರುವಾಗ ಒಪ್ಪಿಗೆ ಮೇಲೆ ಹೋಯಿತು.

ಒಂದೂವರೆ ಗಂಟೆಯ ಕೆಲಸ ಎಂದಿದ್ದರು. ನಾಲ್ಕೂವರೆ ಆಯಿತು, ಐದಾಯಿತು. ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ಆರಲಿಲ್ಲ. ಕಾಲೇಜಿನಿಂದ ಓಡಿಬಂದ ಮಗಳು ಅವಳ ಭುಜಕ್ಕೆ ಒರಗಿ ಕೂತಿದ್ದಳು. ಮೈದುನ ಮೂರು ಕುರ್ಚಿ ಆಚೆ. ಕ್ಲಚ್ಚಮ್ಮನ ಎದೆಯಲ್ಲಿ ಸಿಟ್ಟೂ ಹೆದರಿಕೆಯೂ ಒಂದರ ಕತ್ತು ಒಂದು ಹಿಡಿದು ಹೊರಳಾಡುತ್ತಿದ್ದವು. ಬದುಕಿ ಬರಲಿ ಎಂದು ಒಂದು ಗಳಿಗೆ, ಬದುಕಿ ಬಂದರೆ ಬಿಡುವುದಿಲ್ಲ ಎಂದು ಇನ್ನೊಂದು ಗಳಿಗೆ.

ಆರಕ್ಕೆ ಡಾಕ್ಟರು ಹೊರಗೆ ಬಂದರು. ಒಳಗೆಲ್ಲ ಗೋಂದು ಹಾಕಿದ ಹಾಗೆ ಅಂಟಿಕೊಂಡಿತ್ತು, ಸಣ್ಣ ತೂತಿನಲ್ಲಿ ಆಗಲಿಲ್ಲ, ಹೊಟ್ಟೆ ತೆರೆದೇ ಪಿತ್ತಕೋಶ ತೆಗೆಯಬೇಕಾಯಿತು ಎಂದರು. ಹಳೇದು ಅಂತ ಕೇಸ್ ಶೀಟಿನಲ್ಲಿ ಇದ್ದದ್ದರಿಂದ ಎಲ್ಲವನ್ನೂ ಸಿದ್ಧ ಇಟ್ಟುಕೊಂಡೇ ಶುರು ಮಾಡಿದೆವು, ಇಲ್ಲದಿದ್ದರೆ ಕಷ್ಟವಿತ್ತು ಎಂದರು. ಮೈದುನ ಎದ್ದು ಹೊರಗೆ ಹೋದ. ಬರುವಾಗ ಅವನ ಮುಖ ಒದ್ದೆಯಾಗಿತ್ತು, ತೊಳೆದುಕೊಂಡ ನೀರೋ ಏನೋ.

ನಗದಿನ ಮೊತ್ತ ಸಣ್ಣ ತೂತಿನ ಆಪರೇಷನ್ನಿಗೆ ಹೇಳಿದ್ದು, ತೆರೆದದ್ದಕ್ಕೆ ಬೇರೆ ಎಂದು ಮೂರನೇ ದಿನ ಕೆಳಗಿನಿಂದ ಚೀಟಿ ಬಂತು. ಎರಡನೇ ಕಾರಿಗೆ ಕೊಟ್ಟಿದ್ದ ಮುಂಗಡವನ್ನು ಅವಳು ವಾಪಸು ತಂದು ಕಟ್ಟಿದಳು. ಕೆಲಸಕ್ಕೆ ಹೇಳಿಟ್ಟಿದ್ದ ಹೆಂಗಸಿಗೆ ಫೋನ್ ಮಾಡಿ ಇನ್ನೊಂದು ವರ್ಷ ಆಗಬಹುದು ಎಂದಳು.

ನಾಲ್ಕನೇ ದಿನ ಗಂಡ ದಿಂಬಿಗೆ ಒರಗಿ ಕೂತ. ಇಬ್ಬರೇ ಇದ್ದರು. ಅವಳು ಗಂಜಿ ತಣಿಸುತ್ತಿದ್ದಳು. ನಾಲ್ಕು ದಿನದಿಂದ ಬೇಕಾದ ಮಾತು ಬಿಟ್ಟು ಬೇರೊಂದು ಆಡಿರಲಿಲ್ಲ.

“ಸಿಟ್ಟಾ?” ಎಂದ.

“ಹೂಂ. ತುಂಬಾ ದಿನ ಇರುತ್ತೆ. ಮೊದಲು ಇದನ್ನ ಕುಡೀರಿ.”

ಅವನು ಎರಡು ಚಮಚ ಕುಡಿದು, ಕಾರು ನಿನಗೆ ಬೇಕೇ ಬೇಕಿತ್ತು, ಹದಿನೇಳು ವರ್ಷ ನೀನು ಇನ್ನೊಬ್ಬರ ಕಾರಿನಲ್ಲಿ ಸವೆದಿದ್ದೆ, ಆಗ ಬಿಟ್ಟಿದ್ದರೆ ಮತ್ತೆ ಆಗುತ್ತಿರಲಿಲ್ಲ ಎಂದ. ವಿಮೆಯ ಫಾರಂ ತುಂಬುವಾಗ ಹೇಳಿಬಿಡೋಣ ಎಂದುಕೊಂಡಿದ್ದನಂತೆ. ಹೇಳಿದರೆ ಮೂವರಿಗೂ ವಿಮೆ ಕೊಡುವುದಿಲ್ಲವೇನೋ ಎಂದು ಹೆದರಿದ್ದನಂತೆ. ತನ್ನೊಬ್ಬನಿಂದ ಹೆಂಡತಿ ಮಗಳಿಗೂ ತಪ್ಪುವುದು ಬೇಡ ಎಂದು.

“ಕೇಳಬಹುದಿತ್ತು,” ಎಂದಳು ಅವಳು. “ನನ್ನನ್ನ ಕೇಳಬಹುದಿತ್ತು. ಆ ಕಿಟಕಿಯ ಮುಂದೆ ನಾನು ನಿಮ್ಮ ಪರವಾಗಿ ಆಣೆ ಮಾಡೋದೊಂದು ಬಾಕಿ ಇತ್ತು.”

ಮನೆಗೆ ಬಂದ ವಾರಕ್ಕೆ ಅವಳು ವಿಮಾ ಕಂಪನಿಗೆ ಪತ್ರ ಬರೆದಳು. ಸ್ಕ್ಯಾನಿನ ತಾರೀಕು, ಆಪರೇಷನ್ನಿನ ತಾರೀಕು, ತನಗೆ ಗೊತ್ತಾದ ತಾರೀಕು, ಮೂರನ್ನೂ. ಎಲ್ಲರ ಪಾಲಿಸಿಯೂ ಹೋಗುತ್ತದೆ, ಸುಮ್ಮನಿರಿ ಎಂದು ಮೈದುನ ಹೇಳಿದ. ತಿಂಗಳು ಕಳೆದು ಉತ್ತರ ಬಂತು. ಅವಳದೂ ಮಗಳದೂ ಮುಂದುವರಿಯುತ್ತದೆ. ಗಂಡನ ಹೆಸರು ತೆಗೆದಿದ್ದಾರೆ. ಬೇಕಾದರೆ ಅವನಿಗೆ ಹೊಸದಾಗಿ ಫಾರಂ ತುಂಬಬಹುದು, ಕಂತು ಹೆಚ್ಚು, ಪಿತ್ತಕೋಶಕ್ಕೆ ಸಂಬಂಧಿಸಿದ ಖರ್ಚು ಯಾವತ್ತೂ ಸಿಗುವುದಿಲ್ಲ. ಇಲ್ಲದ ಪಿತ್ತಕೋಶಕ್ಕೆ ಇಷ್ಟು ಷರತ್ತೇ ಎಂದು ಮಗಳು ನಕ್ಕಳು. ಆಪರೇಷನ್ ಆದ ಮೇಲೆ ಕ್ಲಚ್ಚಮ್ಮನಿಗೂ ಮೊದಲ ಸಲ ನಗು ಬಂತು.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಹೊಸ ಫಾರಂ ಇಟ್ಟುಕೊಂಡು ಊಟದ ಮೇಜಿಗೆ ಕೂತರು. ಅವಳು ಒಂದೊಂದೇ ಪ್ರಶ್ನೆ ಓದಿದಳು, ಅವನು ಉತ್ತರ ಹೇಳಿದ, ಅವಳು ಬರೆದಳು. ಸಕ್ಕರೆ ಕಾಯಿಲೆ ಇಲ್ಲ. ರಕ್ತದೊತ್ತಡ ಸ್ವಲ್ಪ. ಎದೆನೋವು ಇಲ್ಲ. ಕಿವಿ, ಮೂಗು, ಗಂಟಲು ಎಂದು ಓದಿದಾಗ ಅವನು ಸುಮ್ಮನಾದ. ಅವಳು ಪೆನ್ನು ಹಿಡಿದು ಕಾದಳು.

“ಎಡಗಿವಿ ಸರಿಯಾಗಿ ಕೇಳಿಸಲ್ಲ,” ಎಂದ ಅವನು, ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ. “ಗಾಜು ಉಜ್ಜೋ ಮೆಷಿನ್ನು ಆ ಕಡೆಗೇ ಇರೋದು. ನೀನು ಆ ಪಕ್ಕ ಕೂತು ಮಾತಾಡಿದ್ರೆ ಅರ್ಧ ಗೊತ್ತಾಗಲ್ಲ. ಸುಮ್ಮನೆ ತಲೆ ಆಡಿಸ್ತೀನಿ.”

ಅವಳು ಅವನನ್ನು ನೋಡಿದಳು. ಎಷ್ಟೋ ಸಂಜೆ ತಾನು ಹೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ್ದು ಕಣ್ಣಮುಂದೆ ಬಂತು. ಫಾರಂನಲ್ಲಿ ಎಡಗಿವಿ ಎಂದು ದುಂಡಗೆ ಬರೆದಳು. ಆಮೇಲೆ ಎದ್ದು, ಕುರ್ಚಿಯನ್ನು ಅವನ ಬಲಕ್ಕೆ ಎಳೆದುಕೊಂಡು ಕೂತು, ಮುಂದಿನ ಪ್ರಶ್ನೆ ಓದಿದಳು.